ಒಪ್ಪಿಸಿಕೊಂಡ ಕೈ

ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಇದ್ದದ್ದು ಒಂದೇ ಕಟ್ಟಳೆ. ಸಂಜೆ ತಾಯಂದಿರು ಮಕ್ಕಳನ್ನು ಆಟದ ಗದ್ದೆಯವರೆಗೆ ಕರೆತಂದು ಅವರ ಕೈಯನ್ನು ನನ್ನ ಕೈಯಲ್ಲಿಡಬೇಕು. ಆಟ ಮುಗಿದ ಮೇಲೆ ನಾನು ಒಬ್ಬೊಬ್ಬರನ್ನೂ ಮನೆಗೆ ನಡೆಸಿಕೊಂಡು ಹೋಗಿ, ಅದೇ ಕೈಯನ್ನು ತಾಯಿಗೆ ಒಪ್ಪಿಸಬೇಕು. ಕಾಲು ಮುರಿದೀತು, ಕೆಟ್ಟ ಮಾತು ಕಲಿತಾರು ಎಂದು ಹೆದರಿದ್ದ ಕೊಡ್ಲಿಪೇಟೆಯ ಮನೆಗಳನ್ನು ಒಲಿಸಲು ಈ ಕಟ್ಟಳೆ ಮಾಡಿದವನು ನಾನೇ. ಅದು ನನ್ನ ಕೊರಳಿಗೇ ಬಿತ್ತು.

ಮೈಸೂರಿನ ಗಿರಣಿಯೊಂದರ ತಂಡದವರು ನನ್ನ ಆಟ ನೋಡಿ, ಸೋಮವಾರ ಬಾ, ಕೆಲಸವೂ ಉಂಟು, ಆಟವೂ ಉಂಟು ಎಂದಿದ್ದರು. ಮೂರನೇ ಫಾರಂಗೇ ಶಾಲೆ ಬಿಟ್ಟವನನ್ನು ಇನ್ನೊಮ್ಮೆ ಯಾರು ಕರೆಯುತ್ತಾರೆ? ಹೋಟೆಲಿನಲ್ಲಿ ಹಿರಿಯರು ಕೊಡಗು ಮೈಸೂರಿಗೆ ಸೇರಬೇಕೋ ಬೇಡವೋ ಎಂದು ದಿನವೂ ಜಗಳವಾಡುತ್ತಿದ್ದರು. ಕೊಡಗು ಏನಾದರೂ ಮಾಡಿಕೊಳ್ಳಲಿ, ನಾನಂತೂ ಸೇರುತ್ತೇನೆ ಎಂದುಕೊಂಡಿದ್ದೆ.

ಭಾನುವಾರ ಬಸ್ಸಿಲ್ಲದ್ದರಿಂದ ಶನಿವಾರ ಸಂಜೆಯ ಬಸ್ಸಿಗೆಂದು ಬಟ್ಟೆ ಗಂಟು ಕಟ್ಟಿಕೊಂಡೇ ಗದ್ದೆಗೆ ಬಂದೆ. ಪಕ್ಕದಲ್ಲಿ ಕರಿಯನನ್ನು ನಿಲ್ಲಿಸಿಕೊಂಡೆ. ಕಾಫಿ ಎಸ್ಟೇಟಿನ ಲೈನಿನವನು, ಕೂಲಿಗಳ ಸಾಲುಮನೆಯಲ್ಲಿ ಬೆಳೆದವನು. ಮಕ್ಕಳಿಗೆ ಪಾಸು ಕೊಡುವುದನ್ನು ಕಲಿಸಿದವನೂ, ಕಾಲು ಉಳುಕಿದವರನ್ನು ಹೊತ್ತು ತಂದವನೂ ಅವನೇ.

"ಅಮ್ಮಾ, ಇವತ್ತಿಂದ ಕರಿಯನ ಕೈಗೆ ಕೊಡಿ. ನಾನು ಮೈಸೂರಿಗೆ ಹೊರಟಿದ್ದೀನಿ," ಎಂದೆ.

ಸುಮಿತ್ರಮ್ಮ ಮಗನ ಮಣಿಕಟ್ಟು ಬಿಡಲಿಲ್ಲ. ನಾವು ಆಡುತ್ತಿದ್ದ ಕೊಯ್ದ ಗದ್ದೆ ಅವರದೇ.

"ನಿನ್ನ ಕೈಗಾದ್ರೆ ಕೊಡ್ತೀನಪ್ಪ."

"ಆಟ ಕಲಿಸಿದ್ದು ಇವನೇ ಅಲ್ವಾ?"

"ಕಲಿಸ್ಲಿ, ಯಾರು ಬ್ಯಾಡ ಅಂದೋರು? ಹುಡುಗ್ರು ಒಟ್ಟಿಗೆ ಆಡಿದ್ರೆ ನಾನೇನಾದ್ರೂ ಅಂದಿದ್ದೀನಾ? ಕೈ ಹಿಡ್ಕೊಂಡು ನಮ್ಮ ಜಗಲಿಗೆ ಬರೋದು ಅಂದ್ರೆ... ನಿಂಗೂ ಗೊತ್ತಲ್ಲ ಜಯಪ್ಪ, ಬಾಯಿ ಬಿಡಿಸ್ಬ್ಯಾಡ."

ಮಗುವಿನೊಂದಿಗೆ ಹಿಂದೆ ನಿಂತಿದ್ದ ಇನ್ನೊಬ್ಬ ತಾಯಿ ವಿಶಾಲಾಕ್ಷಮ್ಮ ನಕ್ಕರು. "ಮೈಸೂರಲ್ಲಿ ಚೆಂಡು ಚಿನ್ನದ್ದಂತೇನೋ? ಇಲ್ಲೇ ಇರು. ಹೆಣ್ಣು ನಾನೇ ನೋಡ್ತೀನಿ."

ಇಷ್ಟು ದಿನ ಇವರು ನಂಬಿದ್ದು ನನ್ನ ಹಣೆಯ ವಿಭೂತಿಯನ್ನು.

"ಹಂಗಾದ್ರೆ ಕ್ಲಬ್ಬೇ ಮುಚ್ಚಲಿ."

"ಮುಚ್ಚು. ನಾಳೆಯಿಂದ ಗದ್ದೆಗೆ ದನ ಬಿಡಿಸ್ತೀನಿ," ಎಂದರು ಸುಮಿತ್ರಮ್ಮ, ಒಂದಿಷ್ಟೂ ಸಿಟ್ಟಿಲ್ಲದೆ.

ಲೈನಿನ ಮಕ್ಕಳು ಬದುವಿನ ಮೇಲೆ ಕೂತು ಕಾಯುತ್ತಿದ್ದರು. ಅವರನ್ನು ಒಪ್ಪಿಸಲು ಯಾವ ತಾಯಿಯೂ ಬಂದಿರಲಿಲ್ಲ. ಕಾಫಿ ಹಣ್ಣಿನ ಪಿಕಿಂಗ್ ಮುಗಿಸಿ ಆ ತಾಯಂದಿರಿನ್ನೂ ತೋಟದಿಂದ ಇಳಿದಿರಲಿಲ್ಲ. ಈ ಗದ್ದೆ ಹೋದರೆ ಆ ಮಕ್ಕಳಿಗೆ ಉಳಿಯುವುದು ಲೈನಿನ ಮುಂದಿನ ಚರಂಡಿ.

ಕರಿಯ ಮೆಲ್ಲಗೆ ಹೇಳಿದ: "ನೀವು ಹೋಗಿ ಜಯಣ್ಣ. ನಮಗೋಸ್ಕರ ನಿಲ್ಬ್ಯಾಡಿ. ನಿಂತ್ರೆ ಮುಂದೊಂದು ದಿನ ಅದನ್ನ ನನ್ನ ತಲೆಗೇ ಕಟ್ತೀರ."

"ನಿನ್ನನ್ನ ಯಾರು ಕೇಳಿದ್ರು?" ಎಂದು ಅವನ ಮೇಲೆ ಹರಿಹಾಯ್ದೆ. ಅಲ್ಲಿ ನಾನು ಬೈಯಬಹುದಾಗಿದ್ದವನು ಅವನೊಬ್ಬನೇ.

ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿತು. ಸುಮಿತ್ರಮ್ಮ ಮಗನ ಕೈ ಮುಂದೆ ಚಾಚಿ, ಅಂಗಡಿಯಲ್ಲಿ ಚಿಲ್ಲರೆಗೆ ಕಾಯುವವರ ಹಾಗೆ ನಿಂತಿದ್ದರು. ಗಂಟನ್ನು ಬದುವಿಗೆ ಎಸೆದು ಆ ಕೈ ಹಿಡಿದುಕೊಂಡೆ. ಬಸ್ಸು ಪೇಟೆ ದಾಟಿ ಹೋಗುವ ಸದ್ದು ಅಡಗುವವರೆಗೂ ಹಿಡಿದೇ ಇದ್ದೆ.

ಕರಿಯ ನನ್ನ ಕಡೆ ನೋಡದೆ ಚೆಂಡು ನಡುವಿಗಿಟ್ಟು ಸೀಟಿ ಊದಿದ.

"ಜಯಣ್ಣ, ಬಿಡಿ," ಎಂದ ಹುಡುಗ. "ಕೈ ನೋಯ್ತಾ ಅದೆ."