ಭಾವನವರ ಹಸಿರು ದಾರಿ

ವಿಮಾ ಕಚೇರಿಯಲ್ಲಿ ಭಾವನವರ ಕೆಲಸ ಅಪಾಯವನ್ನು ಅಳೆಯುವುದು. ಯಾವ ಗೋದಾಮಿಗೆ ಬೆಂಕಿ ಬೀಳಬಹುದು, ಯಾವ ಲಾರಿ ಹಳ್ಳಕ್ಕೆ ಉರುಳಬಹುದು ಎಂಬುದನ್ನು ಅವರು ಕುರ್ಚಿಯಿಂದ ಏಳದೆ ಹೇಳಬಲ್ಲವರಾಗಿದ್ದರು. ಏಳುತ್ತಿದ್ದದ್ದು ಭಾನುವಾರ ಮಾತ್ರ. ಅಂದು ಬೆಳಕು ಹರಿಯುತ್ತಿದ್ದಂತೆ ದಪ್ಪ ಚಕ್ರದ ಬೆಟ್ಟದ ಸೈಕಲ್ಲನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಊರಾಚೆಯ ಕಾಡಿಗೆ ಹೊರಟುಬಿಡುತ್ತಿದ್ದರು. ಊಟದ ಹೊತ್ತಿಗೆ ವಾಪಸಾಗಿ, ತಾವು ಸಾಯದೆ ಉಳಿದದ್ದು ಹೇಗೆ ಎಂಬುದನ್ನು ಸಂಜೆಯವರೆಗೆ ವಿವರಿಸುತ್ತಿದ್ದರು.

ಆ ಕಾಡಿನಲ್ಲಿ ಸೈಕಲ್ಲಿಗೆಂದೇ ಕಡಿದ ದಾರಿಗಳಿದ್ದವು. ಕವಲು ಬಂದಲ್ಲೆಲ್ಲ ಒಂದು ಮರದ ಕಂಬ, ಕಂಬದ ಮೇಲೆ ಬಣ್ಣದ ಒಂದು ಬಿಲ್ಲೆ. ಹಸಿರು ಬಿಲ್ಲೆ ಹೊಸಬರಿಗೆ, ನೀಲಿ ಸ್ವಲ್ಪ ಪಳಗಿದವರಿಗೆ, ಕೆಂಪು ತಮ್ಮ ಮೂಳೆಗಳ ಮೇಲೆ ಅಷ್ಟೇನೂ ಮೋಹವಿಲ್ಲದವರಿಗೆ. ತಾವು ಕೆಂಪು ಬಿಟ್ಟು ಬೇರೆ ತುಳಿದವರಲ್ಲ ಎನ್ನುತ್ತಿದ್ದರು ಭಾವನವರು. ಕಚೇರಿಯಲ್ಲಿ ಅವರಿಗೆ 'ಕೆಂಪು ಸಾಹೇಬರು' ಎಂಬ ಹೆಸರೇ ಬಿದ್ದಿತ್ತು. ಅದನ್ನು ಇಟ್ಟವರು ನಗುತ್ತ ಇಟ್ಟಿದ್ದರು, ಇವರು ಗಂಭೀರವಾಗಿ ಸ್ವೀಕರಿಸಿದ್ದರು. ಜೊತೆಗೆ ಯಾರನ್ನೂ ಕರೆದುಕೊಂಡು ಹೋಗುತ್ತಿರಲಿಲ್ಲ. ತಮ್ಮ ವೇಗಕ್ಕೆ ಬೇರೆಯವರು ನಿಲ್ಲಲಾರರು ಎಂಬುದು ಕಾರಣ. ಅವರ ಮಾತಿಗೆ ನಿಲ್ಲಲಾರರು ಎಂಬ ಅಭಿಪ್ರಾಯವೂ ಇತ್ತು.

ಈ ಮಾತಿಗೆಲ್ಲ ಕಿವಿಯಾಗಿ ಇದ್ದವಳು ಅವರ ಹೆಂಡತಿ, ಅಕ್ಕ. ದೊಡ್ಡಾಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ನರ್ಸ್. ಮುರಿದ ಕೈಕಾಲುಗಳಿಗೆ ಒದ್ದೆ ಪಟ್ಟಿ ಸುತ್ತಿ ಸುತ್ತಿ ಅವಳ ಬೆರಳ ಸಂದಿನಲ್ಲಿ ಸದಾ ಬಿಳಿ ಪುಡಿ. ಗಂಡ ಬಂಡೆಯ ಮೇಲಿಂದ ಹಾರಿದ್ದನ್ನು ಹೇಳುತ್ತಿದ್ದರೆ ಅವಳು ತುಟಿ ಪಿಟಕ್ಕೆನ್ನದೆ ಬಟ್ಟೆ ಮಡಿಸುತ್ತಿದ್ದಳು. ಎಂಥ ಸಹನೆ ಎಂದು ನೆಂಟರು ಹೊಗಳುತ್ತಿದ್ದರು.

ಅಕ್ಕನಿಗೊಬ್ಬಳು ತಂಗಿ. ಪೇಟೆಯ ಕನ್ನಡಕದಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ದಿನವಿಡೀ ಜನರ ಕಣ್ಣು ಪರೀಕ್ಷೆ ಮಾಡುವವಳು. "ಈಗ ಚೆನ್ನಾಗಿದೆಯಾ, ಮೊದಲು ಚೆನ್ನಾಗಿತ್ತಾ?" ಎಂದು ಕೇಳಿ ಕೇಳಿ ಅವಳಿಗೆ ಯಾವುದೂ ಚೆನ್ನಾಗಿಲ್ಲ ಎನಿಸತೊಡಗಿತ್ತು. ಕೂತೂ ಕೂತೂ ಬೆನ್ನು ಹಲಗೆಯಾಗಿತ್ತು. ಈಜಲು ಹೋಗುತ್ತಿದ್ದ ಕೊಳಕ್ಕೆ ರಿಪೇರಿಯೆಂದು ಬೀಗ ಬಿದ್ದಾಗ, ಭಾವನ ಜೊತೆ ಸೈಕಲ್ ತುಳಿಯಲು ಹೋಗು ಎಂದು ಅಕ್ಕನೇ ಹೇಳಿದಳು. ತನಗೆ ಬೆಟ್ಟದ ಸೈಕಲ್ಲಿನ ತಲೆಬುಡ ಗೊತ್ತಿಲ್ಲ ಎಂದಳು ತಂಗಿ. "ಅವರು ಹೇಳಿಕೊಡ್ತಾರೆ ಬಿಡು," ಎಂದಳು ಅಕ್ಕ. "ಬೇಡ ಅಂದ್ರೂ ಹೇಳಿಕೊಡ್ತಾರೆ."

ಭಾವನವರು ಆ ಹೊಣೆಯನ್ನು ಎಷ್ಟು ಮನಸ್ಸಿಟ್ಟು ಹೊತ್ತರೆಂದರೆ ಒಂದು ವಾರ ಮನೆಯಲ್ಲಿ ಬೇರೆ ಮಾತಿಲ್ಲ. ಹೊಸಬರಿಗೆ ದಾರಿ ಆರಿಸುವುದೆಂದರೆ ತಮಾಷೆಯಲ್ಲ ಎಂದರು. ಎರಡು ಸೈಕಲ್ ಪಕ್ಕಪಕ್ಕ ಹೋಗುವಷ್ಟು ಅಗಲ ಬೇಕು, ಇಳಿಜಾರು ಬ್ರೇಕ್ ಹಿಡಿದರೆ ನಿಲ್ಲುವಂತಿರಬೇಕು, ಬೇರು ಬಂಡೆಗಳಿರಬಾರದು, ಸುಸ್ತಾದರೆ ಬೇಗ ಹೊರಬರಲು ಸುತ್ತು ಚಿಕ್ಕದಿರಬೇಕು. ಇದೆಲ್ಲ ಇರುವುದು ಹಸಿರು ದಾರಿಯಲ್ಲಿ, ತಾವು ಈವರೆಗೆ ಕಾಲಿಡದ ಹಸಿರು ದಾರಿಯಲ್ಲಿ. ಅವಳಿಗೋಸ್ಕರ ಒಂದು ಭಾನುವಾರ ಅಲ್ಲಿಗೆ ಇಳಿದು ಬರಲು ತಾವು ಸಿದ್ಧ. ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಭಾವನವರ ಮಾತನ್ನು ಸಹಿಸುವುದು ಕಷ್ಟವಾಗುತ್ತಿದ್ದದ್ದೇ ಅದರಿಂದ.

ಭಾನುವಾರ ಕಾಡಿನಂಚಿನ ಅಂಗಡಿಯಲ್ಲಿ ತಂಗಿಗೊಂದು ಬಾಡಿಗೆ ಸೈಕಲ್ ಸಿಕ್ಕಿತು. ಅಂಗಡಿಯವನು ಅವಳ ಎತ್ತರಕ್ಕೆ ಸೀಟು ಇಳಿಸುತ್ತ, ಹೆದರಿಕೆಯಾದ ಕಡೆ ಇಳಿದು ತಳ್ಳಿ, ಸೈಕಲ್ಲೇನೂ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದ. ಇಂಥ ಸಲಹೆಗಳಿಂದಲೇ ಜನ ಮುಂದೆ ಬರುವುದಿಲ್ಲ ಎಂದು ಭಾವನವರು ಅವನಿಗೆ ಕೇಳಿಸುವಂತೆಯೇ ಹೇಳಿದರು. ದಾರಿಗಳ ದೊಡ್ಡ ನಕ್ಷೆಯ ಫಲಕದ ಮುಂದೆ ಅವಳು ನಿಂತಾಗ, ಅದು ಗೊತ್ತಿಲ್ಲದವರಿಗೆ ಎಂದು ಮುಂದೆ ನಡೆಸಿದರು.

ಸ್ವಲ್ಪ ದೂರದಲ್ಲಿ ದಾರಿ ಕವಲೊಡೆಯಿತು. ಎಡಕ್ಕೊಂದು ಕಂಬ, ಬಲಕ್ಕೊಂದು. ಭಾವನವರು ಬಲಕ್ಕೆ ತಿರುಗಿದರು. ತಂಗಿ ಒಂದು ಕಾಲು ನೆಲಕ್ಕೂರಿ ನಿಂತಳು. ಬಲಗಡೆಯ ಬಿಲ್ಲೆ ಟೊಮೇಟೊ ಹಣ್ಣಿನಷ್ಟು ಕೆಂಪಗಿತ್ತು.

"ಭಾವ, ಇದು ಕೆಂಪಲ್ವಾ?"

"ಹಸಿರು," ಎಂದರು ಅವರು, ತಿರುಗಿಯೂ ನೋಡದೆ. "ಹೊಸಬರಿಗೆ ಹೆದರಿಕೇಲಿ ಎಲ್ಲಾ ಕೆಂಪಾಗೇ ಕಾಣುತ್ತೆ. ಬಾ."

ಊರಿನ ಕಣ್ಣೆಲ್ಲ ಪರೀಕ್ಷೆ ಮಾಡುವವಳಿಗೆ ಕ್ಷಣಹೊತ್ತು ತನ್ನ ಕಣ್ಣಿನ ಮೇಲೇ ಅನುಮಾನ ಬಂತು. ಹಿರಿಯರು, ವಾರವಿಡೀ ಅಷ್ಟೆಲ್ಲ ವಿವರಿಸಿದವರು, ಇಷ್ಟು ವರ್ಷ ಇದೇ ಕಾಡಿನಲ್ಲಿ ಓಡಾಡಿದವರು. ಅವರ ಹಿಂದೆ ಹೋದಳು.

ಮೊದಲ ತಿರುವು ಸಭ್ಯವಾಗಿತ್ತು. ಎರಡನೆಯದರ ಆಚೆ ನೆಲವೇ ಇರಲಿಲ್ಲ. ಬೇರುಗಳು ಹೆಣೆದುಕೊಂಡು ಮೆಟ್ಟಿಲಿನಂತೆ ಕೆಳಗಿಳಿದಿದ್ದವು, ಅದರ ಕೆಳಗೆ ಎಮ್ಮೆ ಗಾತ್ರದ ಬಂಡೆ, ಬಂಡೆಯ ಪಕ್ಕ ಒಂದೇ ಚಕ್ರಕ್ಕೆ ಸಾಲುವಷ್ಟು ಜಾಗ. ತಂಗಿ ಅಂಗಡಿಯವನ ಮಾತು ನೆನೆದು ಇಳಿದು ತಳ್ಳಿದಳು. ಭಾವನವರಿಗೆ ಇಳಿಯುವ ಆಯ್ಕೆ ಇರಲಿಲ್ಲ. ಹಸಿರು ದಾರಿಯಲ್ಲಿ ಕೆಂಪು ಸಾಹೇಬರು ಸೈಕಲ್ ತಳ್ಳಿದರು ಎಂದು ನಾಳೆ ಯಾರಾದರೂ ಹೇಳಿದರೆ? ಅವರು ಬೇರುಗಳ ಮೇಲೆ ದಡದಡನೆ ಇಳಿದರು. ಹಲ್ಲು ಕಟಕಟ ಎನ್ನುವುದು ಮೇಲಿದ್ದವಳಿಗೂ ಕೇಳಿಸಿತು. ಬಂಡೆಯ ತನಕ ಸೈಕಲ್ಲೂ ಅವರೂ ಒಟ್ಟಿಗೇ ಇದ್ದರು. ಆಮೇಲೆ ಸೈಕಲ್ ಒಂದು ಕಡೆ ಹೋಯಿತು, ಅವರು ಮುಳ್ಳಿನ ಪೊದೆಗೆ ಹೋದರು.

ತಂಗಿ ಓಡಿ ಬಂದು ಎಳೆದು ಕೂರಿಸಿದಳು. ಮೊಣಕೈ ತರಚಿತ್ತು, ಕಣ್ಣಿನ ಪಕ್ಕ ಮುಳ್ಳು ಗೀರಿತ್ತು, ಮುಂದಿನ ಚಕ್ರ ಸೊಟ್ಟಗಾಗಿತ್ತು. ಅವರ ಮೊದಲ ಮಾತು, "ದಾರೀನ ಎಷ್ಟು ಕೆಡಿಸಿಟ್ಟಿದ್ದಾರೆ ನೋಡು," ಎಂಬುದು.

ಅಷ್ಟರಲ್ಲಿ ಮೇಲಿನಿಂದ ಬಿಳಿ ಜಡೆಯ ಒಬ್ಬ ಅಜ್ಜಿ ಸೈಕಲ್ಲಿನಲ್ಲಿ ಇಳಿದು ಬಂದಳು. ಬೇರುಗಳನ್ನು ಪಿಯಾನೋ ನುಡಿಸಿದಂತೆ ದಾಟಿ, ಬಂಡೆಯ ಪಕ್ಕದ ಸಂದಿಯಲ್ಲಿ ನುಸುಳಿ, ಇವರ ಮುಂದೆ ನಿಂತಳು. ಹೊಸಬರು ಹಸಿರಿನಲ್ಲಿ ಶುರು ಮಾಡುವುದು ಒಳ್ಳೆಯದು ಎಂದು ಮೆತ್ತಗೆ ಹೇಳಿದಳು. ಹೇಳಿದ್ದು ಭಾವನವರಿಗೆ. ಇದೇ ಹಸಿರು ಎಂದರು ಅವರು. ಅಜ್ಜಿ ಅವರನ್ನು ನೋಡಿದಳು, ತಿರುವಿನಲ್ಲಿದ್ದ ಕೆಂಪು ಬಿಲ್ಲೆಯ ಕಂಬವನ್ನು ನೋಡಿದಳು, ತಂಗಿಯನ್ನು ನೋಡಿದಳು. ಆಮೇಲೆ ಪೆಡಲ್ ತುಳಿದು ಹೊರಟುಹೋದಳು. ತಂಗಿಗೆ ಆಗ ತನ್ನ ಕಣ್ಣಿನ ಬಗ್ಗೆ ಇದ್ದ ಅನುಮಾನ ಹೋಯಿತು, ಭಾವನವರ ಕಣ್ಣಿನ ಬಗ್ಗೆ ಹುಟ್ಟಿತು.

ಮನೆಗೆ ಮರಳುವ ದಾರಿಯುದ್ದಕ್ಕೂ ಭಾವನವರು ದೂರು ಕೊಡುವ ಮಾತಾಡಿದರು. ಹೊಸಬರ ದಾರಿಯನ್ನು ಈ ಸ್ಥಿತಿಯಲ್ಲಿಟ್ಟ ಕಾಡಿನ ಕಚೇರಿಯವರನ್ನು ಬಿಡುವುದಿಲ್ಲ, ಪತ್ರಿಕೆಗೂ ಬರೆಯುತ್ತೇನೆ, ವಿಮಾ ಕಚೇರಿಯ ಮುದ್ರೆ ಒತ್ತಿಯೇ ಬರೆಯುತ್ತೇನೆ ಎಂದರು. ಆ ಪತ್ರ ಅಚ್ಚಾದರೆ ಊರೇ ನಗುತ್ತದೆ ಎಂದು ತಂಗಿಗೆ ಗೊತ್ತಿತ್ತು. ಕಣ್ಣಿನ ಪಕ್ಕ ಗಾಯವಾಗಿದೆ, ನಾಳೆ ಅಂಗಡಿಗೆ ಬನ್ನಿ, ಒಳಗೇನಾದರೂ ಆಗಿದೆಯಾ ನೋಡುತ್ತೇನೆ, ಅಲ್ಲಿಯವರೆಗೆ ಬರೆಯಬೇಡಿ ಎಂದಳು. ಗಾಯದ ವಿವರವನ್ನೂ ಸೇರಿಸಬಹುದು ಎಂದು ಅವರು ಒಪ್ಪಿದರು.

ಮರುದಿನ ಕತ್ತಲೆ ಕೋಣೆಯಲ್ಲಿ ಅವಳು ಮೊದಲು ಗಾಯ ನೋಡಿದಳು. ಆಮೇಲೆ ದೀಪ ಹಾಕಿ, ಬಣ್ಣದ ಚುಕ್ಕೆಗಳ ಪುಸ್ತಕ ತೆರೆದು ಅವರ ಮುಂದಿಟ್ಟಳು. ಬಣ್ಣ ಸರಿಯಾಗಿ ಕಾಣುವವರಿಗೆ ಆ ಚುಕ್ಕೆಗಳ ನಡುವೆ ಒಂದು ಅಂಕಿ ಎದ್ದು ಕಾಣುತ್ತದೆ.

"ಏನು ಕಾಣುತ್ತೆ, ಭಾವ?"

"ಚುಕ್ಕೆ."

"ಚುಕ್ಕೆ ಒಳಗೆ?"

"ಇನ್ನಷ್ಟು ಚುಕ್ಕೆ."

ಹಾಳೆ ತಿರುವಿದಳು. ಇನ್ನೊಂದು ತಿರುವಿದಳು. ಪುಸ್ತಕ ಹಳೆಯದು, ಬಣ್ಣ ಮಾಸಿದೆ, ಮುದ್ರಣ ಸರಿಯಿಲ್ಲ ಎಂದರು ಭಾವನವರು. ಬೆಳಿಗ್ಗೆ ಬಂದಿದ್ದ ಚಾಲಕರೊಬ್ಬರು ಇದೇ ಪುಸ್ತಕವನ್ನು ಗಡಗಡನೆ ಓದಿ ಹೋದರು ಎಂದು ಅವಳು ಹೇಳಿದಳು. ಆಮೇಲೆ, ಎಷ್ಟು ಮೆತ್ತಗೆ ಸಾಧ್ಯವೋ ಅಷ್ಟು ಮೆತ್ತಗೆ, ಕೆಲವರಿಗೆ ಹುಟ್ಟಿನಿಂದಲೇ ಕೆಂಪು ಹಸಿರು ಬೇರೆ ಮಾಡಲು ಬರುವುದಿಲ್ಲ, ಎಷ್ಟೋ ಜನರಿಗೆ ಅದು ಗೊತ್ತೇ ಇರುವುದಿಲ್ಲ, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಎಂದಳು.

ಭಾವನವರು ಕೆಲಸ ಮಾಡತೊಡಗಿದರು. ಅಂದರೆ ಲೆಕ್ಕ ಹಾಕತೊಡಗಿದರು. ಮೊದಲ ಬಾರಿ ಆ ಕವಲಿನಲ್ಲಿ ನಿಂತಾಗ ಎಡಗಡೆಯದು ಕೆಂಪು ಎಂದು ತೀರ್ಮಾನಿಸಿದ್ದರು. ತೀರ್ಮಾನಿಸಿದ್ದನ್ನು ಮತ್ತೆ ನೋಡುವ ಅಭ್ಯಾಸ ಅವರಿಗಿರಲಿಲ್ಲ. ನಿನ್ನೆ ಹೊಸಬಳಿಗೋಸ್ಕರ ಹಸಿರು ಬೇಕೆಂದು ಬಲಕ್ಕೆ ತಿರುಗಿದ್ದು. ಹಾಗಾದರೆ...

"ಹಾಗಾದ್ರೆ ಇಷ್ಟು ವರ್ಷ ನಾನು ತುಳಿದಿದ್ದು?"

ತಂಗಿ ಪುಸ್ತಕದ ಧೂಳು ಒರೆಸಿದಳು.

ಭಾವನವರ ಮುಖದಿಂದ ಇಷ್ಟು ವರ್ಷದ ಬಂಡೆಗಳು ಒಂದೊಂದಾಗಿ ಉರುಳಿಹೋಗುವುದು ಕಾಣುತ್ತಿತ್ತು. ಅವರು ಸುಮ್ಮನಾದದ್ದನ್ನು ಅವಳು ನೋಡಿದ್ದು ಅದೇ ಮೊದಲು. ಅದನ್ನು ಎಷ್ಟೋ ಸಲ ಬಯಸಿದ್ದಳು, ಈಗ ನೋಡಲಾಗಲಿಲ್ಲ. ಅಕ್ಕನಿಗೆ ಹೇಳಬೇಡ ಎಂದು ಅವರು ಸಣ್ಣ ದನಿಯಲ್ಲಿ ಕೇಳಿಕೊಂಡರು. ಹೇಳುವುದಿಲ್ಲ ಎಂದಳು.

ಆ ಗುಟ್ಟನ್ನು ಅವರೇ ಒಂದು ಊಟದ ಉದ್ದಕ್ಕೆ ಹಿಡಿದಿಟ್ಟುಕೊಳ್ಳಲಾರದೆ ಹೋದರು. ಅಂದು ರಾತ್ರಿ ತಂಗಿಯೂ ಅಲ್ಲೇ ಊಟಕ್ಕೆ ಕೂತಿದ್ದಳು. ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದ ಭಾವನವರು ತಟ್ಟನೆ, ತಾವು ಈವರೆಗೆ ಹೋಗುತ್ತಿದ್ದದ್ದು ಹಸಿರು ದಾರಿಯಂತೆ ಎಂದುಬಿಟ್ಟರು.

ಅಕ್ಕ ಅವರ ಲೋಟಕ್ಕೆ ನೀರು ಹಾಕಿದಳು. "ಗೊತ್ತು," ಎಂದಳು.

ಒಮ್ಮೆ ಕಾರು ಕೆಟ್ಟಿದ್ದಾಗ ಆಸ್ಪತ್ರೆಯ ಗೆಳತಿಯ ವ್ಯಾನಿನಲ್ಲಿ ಅವರನ್ನು ಕಾಡಿಗೆ ಬಿಡಲು ಹೋಗಿದ್ದಳಂತೆ. ಕವಲಿನವರೆಗೆ ನಡೆದು ಹೋಗಿ, ಅವರು ಹಸಿರು ಬಿಲ್ಲೆಯ ಕಡೆ ತಿರುಗಿದ್ದನ್ನು ಕಣ್ಣಾರೆ ಕಂಡಿದ್ದಳಂತೆ. ಕರೆದು ಹೇಳಲು ಬಾಯಿ ತೆರೆದವಳು ಸೋಮವಾರದ ಪ್ಲಾಸ್ಟರ್ ಕೋಣೆಯನ್ನು ನೆನೆದು ಬಾಯಿ ಮುಚ್ಚಿಕೊಂಡಳಂತೆ. ಸೋಮವಾರ ಅಲ್ಲಿ ಬೆಂಚಿನ ಮೇಲೆ ಸಾಲಾಗಿ ಕೂರುವವರೆಲ್ಲ ಭಾನುವಾರ ಕೆಂಪಿಗೆ ಹೋದವರೇ.

"ಅಂದ್ರೆ ನಾನು ಹೇಳ್ತಿದ್ದಾಗೆಲ್ಲ ನೀನು ಒಳಗೊಳಗೇ ನಗ್ತಿದ್ದೆ," ಎಂದರು ಭಾವನವರು. ದನಿ ಗಟ್ಟಿಯಾಗಲಿಲ್ಲ. ಆಗಿದ್ದರೆ ಅಕ್ಕನಿಗೆ ಸುಲಭವಾಗುತ್ತಿತ್ತು.

"ನಗ್ತಿರಲಿಲ್ಲ, ರೀ. ಮಲಗ್ತಿದ್ದೆ. ಪ್ರತಿ ಭಾನುವಾರ ಬೆಳಿಗ್ಗೆ ನೆಮ್ಮದಿಯಾಗಿ ಮಲಗ್ತಿದ್ದೆ."

ಹಾಗಿದ್ದರೆ ನನ್ನನ್ನು ಯಾಕೆ ಕಳಿಸಿದೆ ಎಂದು ಈಗ ತಂಗಿ ಕೇಳಿದಳು. ಅಕ್ಕನ ಮುಖ ಬಾಡಿತು. ತಪ್ಪು ನನ್ನದೇ ಎಂದಳು. "ನಿನ್ನನ್ನೂ ತಮ್ಮ ಆ 'ಕೆಂಪಿಗೇ' ಎಳ್ಕೊಂಡು ಹೋಗ್ತಾರೆ, ವಾರವಿಡೀ ಹಸಿರು ಹಸಿರು ಅಂದಿದ್ದೆಲ್ಲ ಬರೀ ಬಾಯಿಮಾತು ಅಂದ್ಕೊಂಡಿದ್ದೆ. ಒಂದು ದಿನ ಬೇರೆಯವರಿಗೆ ಏನು ಬೇಕು ಅಂತ ಯೋಚನೆ ಮಾಡಿಬಿಡ್ತಾರೆ ಅಂತ ನಾನು ಕನಸು ಕಂಡಿದ್ನಾ?"

ತಂಗಿಗೆ ನಗು ತಡೆಯಲಾಗಲಿಲ್ಲ. ಅವಳ ನಗು ಕೇಳಿ ಅಕ್ಕನಿಗೂ ಬಂತು. ಭಾವನವರು ಇಬ್ಬರನ್ನೂ ನೋಡುತ್ತ ಕೂತರು. ನಗಬೇಕೋ ಎದ್ದು ಹೋಗಬೇಕೋ ಎಂದು ತೂಗಿದರು. ಕಡೆಗೆ ಇನ್ನೊಂದು ಸೌಟು ಅನ್ನ ಹಾಕು ಎಂದರು. ಅದನ್ನು ರಾಜಿ ಎಂದು ಮನೆಯವರು ಅರ್ಥಮಾಡಿಕೊಂಡರು.

ದೂರು ಬರೆಯುವ ಮಾತು ಮತ್ತೆ ಬರಲಿಲ್ಲ. ನಾಲ್ಕು ದಿನ ಭಾವನವರು ಓದುತ್ತ ಕೂತರು. ಐದನೆಯ ದಿನಕ್ಕೆ ಬಣ್ಣಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ಮುಗಿಸಿ, ಕಣ್ಣಿನ ಒಳಪೊರೆ ಹೇಗೆ ಕೆಲಸ ಮಾಡುತ್ತದೆ ಎಂದು ತಂಗಿಗೇ ಪಾಠ ಹೇಳತೊಡಗಿದರು. ತಾವು ಕಾಣುವ ರೀತಿಯೇ ಒಂದು ಲೆಕ್ಕದಲ್ಲಿ ಹೆಚ್ಚು ಶುದ್ಧ ಎಂಬಲ್ಲಿಗೆ ಮುಟ್ಟಿದಾಗ ಅವರು ಪೂರ್ತಿ ಗುಣವಾದರು ಎಂದು ಅಕ್ಕ ನಿಟ್ಟುಸಿರು ಬಿಟ್ಟಳು.

ಮುಂದಿನ ಭಾನುವಾರ ಇಬ್ಬರೂ ಮತ್ತೆ ಹೋದರು. ಈ ಬಾರಿ ದಾರಿ ಆರಿಸಿದವಳು ತಂಗಿ. ನಕ್ಷೆಯ ಫಲಕದ ಮುಂದೆ ತನಗೆ ಬೇಕಾದಷ್ಟು ಹೊತ್ತು ನಿಂತಳು. ಭಾವನವರು ಪಕ್ಕದಲ್ಲಿ ಕೈಕಟ್ಟಿ, ಯಾರಾದರೂ ಪರಿಚಯದವರು ಬಂದಾರೇನೋ ಎಂದು ಅತ್ತಿತ್ತ ನೋಡುತ್ತಿದ್ದರು. ಕವಲಿನಲ್ಲಿ ಇಬ್ಬರೂ ಎಡಕ್ಕೆ ತಿರುಗಿದರು. ಅಗಲವಾದ ಮಣ್ಣಿನ ದಾರಿ, ಎರಡೂ ಕಡೆ ನೆರಳು, ನಡುವೆ ಕಾಲಿಗೆ ತಾಗಿದರೂ ನೋಯದಂಥ ಕಲ್ಲುಗಳು. ಇಲ್ಲೇ ತಮಗೊಮ್ಮೆ ಪ್ರಾಣ ಹೋಗುವಂತಾಗಿತ್ತು ಎಂದು ಭಾವನವರು ಒಂದು ತಿರುವನ್ನು ತೋರಿಸಿದರು. ಅಲ್ಲಿ ಒಬ್ಬ ತಾಯಿ ಮಗುವನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದಳು.

ಸುತ್ತಿನ ಕೊನೆಯಲ್ಲಿ ಉದ್ದನೆಯ ಇಳಿಜಾರು ಬಂತು. ತಂಗಿ ಮೊದಲು ಎರಡೂ ಬ್ರೇಕ್ ಬಿಗಿಯಾಗಿ ಹಿಡಿದಿದ್ದಳು. ಅರ್ಧದಲ್ಲಿ ಬೆರಳು ಸಡಿಲಿಸಿದಳು. ಸೈಕಲ್ ತಾನಾಗಿ ಓಡಿತು, ಬೆನ್ನಿನ ಹಲಗೆ ಎಲ್ಲೋ ಕಳಚಿ ಬಿತ್ತು, ಕಣ್ಣಲ್ಲಿ ನೀರು ಬಂತು. ಹಿಂದಿನಿಂದ ಭಾವನವರು ಮೈಭಾರ ಎಲ್ಲಿಡಬೇಕು, ಮೊಣಕೈ ಹೇಗೆ ಮಡಿಸಬೇಕು ಎಂದು ಕೂಗಿ ಹೇಳುತ್ತಿದ್ದರು. ಗಾಳಿ ಜೋರಾಗಿತ್ತು. ಅವಳಿಗೆ ಒಂದು ಮಾತೂ ಕೇಳಿಸಲಿಲ್ಲ.