ಕೆರೆಗೆ ಇಟ್ಟ ಹೆಸರು

ಸತ್ತವರ ಹೆಸರನ್ನು ಪರಾಗ್ವೆಯ ಚಾಕೋ ಕಾಡಿನ ನಿವಾಕ್ಲೆ ಜನ ಬಾಯಲ್ಲಿ ಎತ್ತುವುದಿಲ್ಲ. ಎತ್ತಿದರೆ ಸತ್ತವನು ತಿರುಗಿ ನೋಡುತ್ತಾನೆ, ನೋಡಿದ ಮೇಲೆ ಒಬ್ಬನೇ ವಾಪಸು ಹೋಗುವುದಿಲ್ಲ. ಅದಕ್ಕೇ ಸತ್ತವರ ಗುಡಿಸಲನ್ನು ಸುಟ್ಟು, ಹೆಸರನ್ನೂ ಅದರ ಜೊತೆಗೇ ಬಿಟ್ಟುಬಿಡುತ್ತಾರೆ. ಸಿರಿಯಾಕಾ ಮುದುಕಿ ತನ್ನ ಅಪ್ಪನ ಹೆಸರನ್ನು ಅರವತ್ತು ವರ್ಷ ನುಂಗಿಕೊಂಡೇ ಬದುಕಿದ್ದಳು.

ಬೊಲಿವಿಯಾದ ಮೇಲೆ ನಡೆದ ಚಾಕೋ ಯುದ್ಧದಲ್ಲಿ, ಬಾಯಾರಿ ನಾಲಿಗೆ ಊದಿಸಿಕೊಂಡು ಬಂದ ಪರಾಗ್ವೆಯ ಸೈನಿಕರಿಗೆ ಮುಳ್ಳುಕಾಡಿನಲ್ಲಿ ದಾರಿ ತೋರಿಸಿ ಊರಿನ ಪಕ್ಕದ ಈ ಕೆರೆಗೆ ಕರೆತಂದವನು ಆ ಅಪ್ಪ. ಅವರು ಹೊಟ್ಟೆ ಬಿರಿಯುವಷ್ಟು ಕುಡಿದರು, ಹೇಸರಗತ್ತೆಗಳಿಗೂ ಕುಡಿಸಿದರು. ಆಮೇಲೆ ಬೊಲಿವಿಯಾದ ಗೂಢಚಾರನೆಂದು ಅವನನ್ನು ದಡದಲ್ಲೇ ಗುಂಡಿಟ್ಟು ಕೊಂದರು. ಉಪಕಾರ ತೀರಿಸಿದ ರೀತಿ ಅದು.

ಈಗ ಸೈನ್ಯ ನಡೆದ ಆ ದಾರಿಯನ್ನು ಐತಿಹಾಸಿಕ ಪಥವೆಂದು ಘೋಷಿಸುವ ಮಸೂದೆ ಹಿಡಿದು ಶಾಸಕ ಓವೆಲಾರ್ ಬಂದಿದ್ದ. ಕೆರೆಯ ಮೇಲೆ ಪಕ್ಕದಲ್ಲಿ ದನ ಮೇಯಿಸುವ ಧಣಿಗೆ ಮೊದಲಿನಿಂದಲೂ ಕಣ್ಣಿತ್ತು. ತಣ್ಣನೆಯ ತೆರೆರೆ ಸೊಪ್ಪಿನ ಪಾನೀಯ ಹೀರುತ್ತ ಶಾಸಕ ಬಿಡಿಸಿ ಹೇಳಿದ: ಸೈನ್ಯಕ್ಕೆ ಮುಂಚೆಯೇ ಇಲ್ಲಿ ನಿಮ್ಮವರಿದ್ದರೆಂದು ಕಾನೂನಿನಲ್ಲಿ ಸೇರಿಸಲು ಒಂದು ಹೆಸರು ಬೇಕು. ಹೆಸರಿಲ್ಲದಿದ್ದರೆ ಇದು ಯಾರದೂ ಅಲ್ಲದ ಕೆರೆ, ನಾಳೆಯೇ ಧಣಿ ಬೇಲಿ ಹಾಕುತ್ತಾನೆ.

"ಗಟ್ಟಿಯಾಗಿ ಓದ್ತಾರಾ?" ಮುದುಕಿ ಕೇಳಿದಳು.

"ಒಂದೇ ಸಲ ಅಜ್ಜಿ, ಅಸುನ್ಸಿಯೋನ್‌ನಲ್ಲಿ. ಆಮೇಲೆ ಕಾಗದದಲ್ಲಿ ಬಿದ್ದಿರುತ್ತೆ."

ರಾಜಧಾನಿಯಲ್ಲಿ ಆಡಿದ ಮಾತು ಇಲ್ಲಿ ಸತ್ತವನಿಗೆ ಕೇಳಿಸದು ಎಂದುಕೊಂಡಳು ಅವಳು. ಮಗಳು ಎವುಲೋಹಿಯಾ ಬೇಡವೆಂದು ಕೈ ಹಿಡಿದೆಳೆದಳು. ಮುದುಕಿ ಕೊಸರಿಕೊಂಡು, ಶಾಸಕನ ಕಿವಿಯಲ್ಲಿ ಹೇಳಿಯೇಬಿಟ್ಟಳು. ಆ ಹೆಸರನ್ನು ಇಲ್ಲಿ ಬರೆಯಲು ನನಗೆ ಧೈರ್ಯವಿಲ್ಲ.

ಮಸೂದೆ ಪಾಸಾಯಿತು, ಕೆರೆ ಊರಿನದಾಯಿತು. ಓವೆಲಾರ್ ಮಾತಿಗೆ ತಪ್ಪಲಿಲ್ಲ, ಒಂದು ಕೈ ಹೆಚ್ಚೇ ಧಾರಾಳಿಯಾದ. ಕೆರೆಗೂ ದಾರಿಗೂ ಆ ಹೆಸರನ್ನೇ ಇಡಿಸಿದ. ಉದ್ಘಾಟನೆಯ ದಿನ ಮೈಕಿನಲ್ಲಿ ಅದನ್ನು ಮತ್ತೆ ಮತ್ತೆ ಕೂಗಿದರು, ಸಾಲು ನಿಂತ ಶಾಲೆಯ ಮಕ್ಕಳೂ ಕೂಗಿದರು. ಮರುದಿನದಿಂದ ಬಸ್ಸಿನ ಕಂಡಕ್ಟರನೂ ಕೂಗತೊಡಗಿದ.

ಅದೇ ವಾರ ಎವುಲೋಹಿಯಾಳ ಕಿರಿಯ ಮಗು ಜ್ವರ ಬಂದು ತೀರಿಕೊಂಡಿತು. ಯಾರೂ ಮುದುಕಿಯನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ದಿನವೂ ಆ ಹೆಸರು ಕೂಗುವ ಕಡೆ ಇನ್ನು ಇರುವಂತಿಲ್ಲವೆಂದು ಇಡೀ ಊರು ಗಂಟುಮೂಟೆ ಕಟ್ಟಿತು. ಸಿರಿಯಾಕಾ ತನ್ನ ಗಂಟನ್ನೂ ಹೊತ್ತು ಹೊರಗೆ ಬಂದು ನಿಂತಳು. ಎವುಲೋಹಿಯಾ ಮಗು ಸತ್ತ ಗುಡಿಸಲಿಗೆ ಬೆಂಕಿ ಇಟ್ಟಳು. ಅದೇ ಕೊಳ್ಳಿ ಹಿಡಿದು ಬಂದು ತಾಯಿಯ ಗುಡಿಸಲಿಗೂ ಇಟ್ಟಳು.

"ನಾನಿನ್ನೂ ಬದುಕಿದೀನಲ್ಲೇ," ಎಂದಳು ಮುದುಕಿ.

ಮಗಳು ಅವಳನ್ನು ದಾಟಿಕೊಂಡು ಹೋದಳು. ಹಿಂದೆ ಯಾರಾದರೂ ಉಳಿದರಾ ಎಂದು ಮುಂದಿನಿಂದ ಯಾರೋ ಕೇಳಿದರು.

"ಯಾರೂ ಇಲ್ಲ, ನಡೀರಿ," ಎಂದಳು ಎವುಲೋಹಿಯಾ.

ಮಧ್ಯಾಹ್ನದ ಹೊತ್ತಿಗೆ ಧಣಿಯ ದನಗಳು ನೀರಿಗೆ ಇಳಿದವು. ಮುದುಕಿ ಗಂಟನ್ನು ಇನ್ನೂ ತಲೆಯಿಂದ ಇಳಿಸಿರಲಿಲ್ಲ.