ತಾಯಿಯ ಕಡೆಯಿಂದ

ಇಳಕಲ್ಲಿನ ನಮ್ಮ ಓಣಿಯಲ್ಲಿ ನನಗೆ ‘ನಿದ್ದಿಗಣ್ಣ ಅಂದಾನಪ್ಪ’ ಎಂದೇ ಹೆಸರು. ಹಾಡುಹಗಲಲ್ಲೂ ರೆಪ್ಪೆಗಳು ಅರ್ಧ ಇಳಿದೇ ಇರುತ್ತಿದ್ದವು. ಮೊದಮೊದಲು ನಾನೂ ನಗುತ್ತಿದ್ದೆ. ಆಮೇಲೆ ಮಗ್ಗದಲ್ಲಿ ತೋಳು ಸೋತಿತು, ಎದೆಬಡಿತ ತಪ್ಪತೊಡಗಿತು, ನಗು ನಿಂತಿತು. ಹೆಣ್ಣು ನೋಡಲು ಹೋದರೆ ಚಹಾ ಕುಡಿಸಿ ಸಾಗಹಾಕುತ್ತಿದ್ದರು.

ಹುನಗುಂದಕ್ಕೆ ಕೊಟ್ಟಿದ್ದ ನನ್ನ ಅಕ್ಕ ಗುರುಸಿದ್ದವ್ವನಿಗೆ ರೇಗಿಹೋಯಿತು. "ಮಂದಿ ಕೊಡದಿದ್ರ ಬಿಡ್ಲಿ. ನನ್ನ ಮಗಳು ಇಂದ್ರಾ ಅದಾಳ. ಸ್ವಾದರಮಾವಗ ಕೊಡಾಕ ಯಾರ ಅಪ್ಪಣಿ ಬೇಕು?" ಎಂದಳು. ನಮ್ಮಲ್ಲಿ ಅದು ನಡೆದುಬಂದದ್ದೇ. ಇಂದ್ರಾ ಕೂಡ ಒಪ್ಪಿದ್ದಳು. ನನಗೂ ಆಸೆಯಿತ್ತು, ಬಹಳ ಇತ್ತು. ಆದರೆ ಹುಟ್ಟುವ ಕೂಸಿಗೂ ಇದು ಬಂದರೆ? ಡಾಕ್ಟರನ್ನು ಕೇಳಿಯೇ ಹೂಂ ಅನ್ನುತ್ತೇನೆಂದೆ.

ಅದು ೧೯೮೯. ನನ್ನ ತೋಳಿನಿಂದ ತೆಗೆದ ಸ್ನಾಯುವಿನ ಚೂರು ಬೆಂಗಳೂರಿನಲ್ಲಿ ಪರೀಕ್ಷೆಯಾಗಿತ್ತು. ಬಾಗಲಕೋಟೆಯ ಡಾಕ್ಟರು ನನ್ನನ್ನೂ ಅಕ್ಕನನ್ನೂ ಕೂರಿಸಿಕೊಂಡು ಹೇಳಿದರು: "ಮೈಯಾಗಿನ ಒಂದೊಂದು ಕಣದಾಗೂ ಶಕ್ತಿ ಹುಟ್ಟಿಸೋ ಭಾಗ ಇರ್ತಾವ. ನಿಮ್ಮವು ಸೊರಗ್ಯಾವ. ಅದಕ್ಕ ಕಣ್ಣು, ತೋಳು, ಹೃದಯ ಎಲ್ಲಾ ದಣಿತಾವ. ಕೆಲವರಿಗೆ ಕಿವೀನೂ ಹೋಗ್ತಾವ. ಇದು ತಾಯಿಯಿಂದ ಅಷ್ಟ ಮಕ್ಕಳಿಗೆ ಬರ್ತದ. ನಿಮ್ಮಿಂದ ನಿಮ್ಮ ಮಕ್ಕಳಿಗೆ ಹೋಗೂದಿಲ್ರಿ."

ಹುಡುಗಿ ಯಾರೆಂದು ಅವರು ಕೇಳಲಿಲ್ಲ, ನಾವು ಹೇಳಲೂ ಇಲ್ಲ. ಅಕ್ಕ ಅಲ್ಲೇ ಕೈಮುಗಿದಳು.

ಊರಿಗೆ ಮರಳುವಾಗ ಬಸ್ಸು ಅಮೀನಗಡದಲ್ಲಿ ನಿಂತಿತು; ಅಕ್ಕ ಇಳಿದುಹೋಗಿ ಕರದಂಟು ತಂದಳು. "ಬಾಯಿ ಸಿಹಿ ಮಾಡ್ಕೋರಿ, ಅಳಿಯಂದಿರ!" ಎಂದು ಚೇಷ್ಟೆ ಮಾಡಿದಳು. ಅಕ್ಕ ಅಷ್ಟು ನಕ್ಕದ್ದು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

ನನಗೆ ತಿನ್ನಲಾಗಲಿಲ್ಲ. ದಾರಿಯುದ್ದಕ್ಕೂ ಅವ್ವ ನೆನಪಾಗುತ್ತಿದ್ದಳು. ಅವಳಿಗೆ ಎಳೆಯ ವಯಸ್ಸಿಗೇ ಕಿವಿ ಹೋಗಿತ್ತು. ನಡೆದರೆ ಏದುಸಿರು. ಎದೆ ನಿಂತೇ ಸತ್ತಳು.

"ಈ ಮದುವಿ ಬ್ಯಾಡಕ್ಕಾ."

"ಯಾಕೋ? ನಿನ್ನಿಂದ ಬರೂದಿಲ್ಲಂತ ಡಾಕ್ಟರ ಹೇಳಿದ್ರಲ್ಲ!"

"ನನ್ನಿಂದ ಬರೂದಿಲ್ಲ. ನನಗ ಅವ್ವನಿಂದ ಬಂತು. ನೀನೂ ಆಕಿ ಹೊಟ್ಯಾಗ ಹುಟ್ಟೀದಿ. ಇಂದ್ರಾ ನಿನ್ನ ಹೊಟ್ಯಾಗ ಹುಟ್ಯಾಳ. ಆಕಿಯಿಂದ ಆಕಿ ಕೂಸಿಗೂ ಬರಬಹುದು."

ಅಕ್ಕನ ಮುಖ ಕಪ್ಪಿಟ್ಟಿತು. ಹುನಗುಂದ ಬಂದಾಗ ಎದ್ದು ನಿಂತವಳು ನನ್ನ ತೋಳು ಹಿಡಿದಳು.

"ಹಂಗಾರ ನನ್ನ ಮಗಳನ್ನ ಯಾರಿಗೆ ಕೊಡ್ಲೋ, ತಮ್ಮಾ?"

ಕಿಟಕಿಯಾಚೆ, ತಾಯಿಯನ್ನು ಕರೆದೊಯ್ಯಲು ಬಂದ ಇಂದ್ರಾ ನಗುತ್ತ ನಿಂತಿದ್ದಳು. ಅಕ್ಕ ಕರದಂಟಿನ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.